ಹಡಗಿನ ಬದಲಿ ಅಂಗಗಳು ಮತ್ತು ವಸ್ತುವಿವೇಚನೆ: ಪಡುವಣ ಕರಾವಳಿಯ ದುರಸ್ತಿ ಪರಂಪರೆಯ ಕುರಿತು

1

ಪಡುವಣ ಕರಾವಳಿಯ ನೌಕಾನಿರ್ಮಾಣವನ್ನು ಕುರಿತ ಬರಹಗಳಲ್ಲಿ ಹಡಗೊಂದು ನೀರಿಗಿಳಿದ ದಿನಕ್ಕೆ ದೊರೆತಿರುವ ಮಹತ್ತ್ವ ಅದರ ಮುಂದಿನ ಬಾಳಿಗೆ ದೊರೆತಿಲ್ಲ. ಕಟ್ಟಿದವರ ಹೆಸರು, ಕಟ್ಟಿಸಿದವರ ಹೆಸರು, ಉದ್ದಗಲ, ಫಿರಂಗಿಗಳ ಸಂಖ್ಯೆ ಇವೆಲ್ಲ ದಾಖಲಾಗಿವೆ. ಆದರೆ ಆ ಹಡಗು ಐವತ್ತು ಅಥವಾ ನೂರು ವರ್ಷ ನೀರಿನ ಮೇಲೆ ಉಳಿದದ್ದು ಹೇಗೆ, ಕೊಳೆತ ಹಲಗೆಯ ಜಾಗಕ್ಕೆ ಯಾವ ಮರ ಬಂದಿತು, ತುಕ್ಕು ಹಿಡಿದ ಬೋಲ್ಟಿನ ಜಾಗಕ್ಕೆ ಯಾವ ಲೋಹ ಬಂದಿತು, ಅದನ್ನು ಆರಿಸಿದವರು ಯಾವ ತಿಳಿವಿನ ಮೇಲೆ ಆರಿಸಿದರು ಎಂಬ ಪ್ರಶ್ನೆಗಳನ್ನು ನಮ್ಮ ಇತಿಹಾಸಕಾರರು ಹೆಚ್ಚಾಗಿ ಕೇಳಿಲ್ಲ. ಕಟ್ಟುವುದು ಚರಿತ್ರೆ, ದುರಸ್ತಿ ಕೇವಲ ಕೂಲಿ ಕೆಲಸ ಎಂಬ ಭಾವನೆಯೇ ಇದಕ್ಕೆ ಕಾರಣವೆಂದು ತೋರುತ್ತದೆ.

ವಾಸ್ತವವಾಗಿ ದುರಸ್ತಿಯ ಕೆಲಸ ನಿರ್ಮಾಣಕ್ಕಿಂತ ಕಠಿಣವಾದುದು. ಹೊಸ ಹಡಗನ್ನು ಕಟ್ಟುವವನು ಎಲ್ಲ ವಸ್ತುಗಳನ್ನೂ ತಾನೇ ಆರಿಸುತ್ತಾನೆ. ದುರಸ್ತಿ ಮಾಡುವವನಿಗೆ ಆ ಸ್ವಾತಂತ್ರ್ಯವಿಲ್ಲ. ಅವನು ಮಾಡಿ ಕೂರಿಸುವ ಒಂದು ಅಂಗದ ಸುತ್ತ ಹತ್ತಾರು ಹಳೆಯ ಅಂಗಗಳಿರುತ್ತವೆ. ಹೊಸದು ಅವುಗಳೊಡನೆ ಉಪ್ಪುನೀರಿನಲ್ಲಿ ಬಾಳಬೇಕು. ಹೀಗಾಗಿ ಬದಲಿ ಅಂಗದ ವಸ್ತುವನ್ನು ಅದರ ಸ್ವಂತ ಬಲವೊಂದನ್ನೇ ನೋಡಿ ಆರಿಸಿದರೆ ಸಾಲದು. ಅದು ಪಕ್ಕದ ಅಂಗಕ್ಕೆ ಏನು ಮಾಡುತ್ತದೆ ಎಂಬುದನ್ನು ಮೊದಲು ನೋಡಬೇಕು. ಸವೆತ ಅನಿವಾರ್ಯವಾದಲ್ಲಿ, ಸುಲಭವಾಗಿ ಬದಲಿಸಬಹುದಾದ ಭಾಗವೇ ಮೊದಲು ಸವೆಯುವಂತೆ ನೋಡಿಕೊಳ್ಳಬೇಕು. ಈ ಎರಡು ಸೂತ್ರಗಳು ಯಾವ ಗ್ರಂಥದಿಂದಲೂ ಹುಟ್ಟಿದವಲ್ಲ; ಬಡಗಿ ಮತ್ತು ಕಮ್ಮಾರರ ಅನುಭವದಿಂದ, ಹಲವೊಮ್ಮೆ ಮುಳುಗಿದ ಹಡಗುಗಳಿಂದ ಕಲಿತವು. ಅವು ಹೇಗೆ ರೂಪುಗೊಂಡವು ಎಂಬುದನ್ನು ಕೆಲವು ಖಚಿತ ನಿದರ್ಶನಗಳ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಕನ್ನಡ ಜಿಲ್ಲೆಗಳ ಕಾಡು ಮತ್ತು ಕರಾವಳಿಗೆ ಈ ಚರಿತ್ರೆಯಲ್ಲಿ ನೇರವಾದ ಪಾಲಿದೆ. ಅದರ ದಾಖಲೆಗಳು ಬಹುಮಟ್ಟಿಗೆ ಕರ್ನಾಟಕದ ಹೊರಗೇ ಇರುವುದರಿಂದ ಹೊರನಾಡಿನ ಸಂಶೋಧಕರು ಇದನ್ನು ವಿಶೇಷವಾಗಿ ಗಮನಿಸಬೇಕೆಂದು ನಮ್ಮ ಕೋರಿಕೆ.

2

ವಸ್ತುಗಳ ಹೊಂದಾಣಿಕೆಯ ವಿಚಾರ ನಮ್ಮಲ್ಲಿ ಹೊಸದಲ್ಲ. ಭೋಜರಾಜನ ಹೆಸರಿನಲ್ಲಿ ಪ್ರಚಲಿತವಿರುವ 'ಯುಕ್ತಿಕಲ್ಪತರು' ಎಂಬ ಸಂಸ್ಕೃತ ಗ್ರಂಥದಲ್ಲಿ ನೌಕೆಗೆ ಬಳಸುವ ಮರಗಳ ವಿಭಾಗವಿದೆ. ರಾಧಾಕುಮುದ ಮುಖರ್ಜಿಯವರು 1912ರಲ್ಲಿ ಪ್ರಕಟಿಸಿದ ಭಾರತೀಯ ನೌಕಾಯಾನದ ಇತಿಹಾಸಗ್ರಂಥದ ಮೂಲಕ ಈ ಭಾಗ ವಿದ್ವಾಂಸರ ಗಮನಕ್ಕೆ ಬಂದಿತು. ಅಲ್ಲಿ ಮರಗಳನ್ನು ಹಗುರ ಮತ್ತು ಭಾರ, ಮೃದು ಮತ್ತು ಗಡುಸು ಎಂಬ ಗುಣಗಳ ಮೇಲೆ ನಾಲ್ಕು ವರ್ಣಗಳಾಗಿ ವಿಂಗಡಿಸಲಾಗಿದೆ. ವರ್ಣವಿಭಾಗದ ಆ ಹೊದಿಕೆಯನ್ನು ಸರಿಸಿ ನೋಡಿದರೆ ಒಳಗೆ ಬಡಗಿಯ ಅನುಭವ ಕಾಣುತ್ತದೆ. ಭಿನ್ನ ಗುಣದ ಮರಗಳನ್ನು ಬೆರೆಸಿ ಕಟ್ಟಿದ ನೌಕೆ ಬಹುಕಾಲ ಬಾಳುವುದಿಲ್ಲ, ನೀರಿನಲ್ಲಿ ಬೇಗ ಕೊಳೆಯುತ್ತದೆ, ಅಲ್ಪ ಆಘಾತಕ್ಕೂ ಸೀಳುತ್ತದೆ ಎಂಬುದು ಆ ಗ್ರಂಥದ ಅಭಿಪ್ರಾಯ. ಒಂದು ಮರ ನೀರು ಕುಡಿದು ಹೆಚ್ಚು ಉಬ್ಬಿ ಪಕ್ಕದ್ದು ಕಡಿಮೆ ಉಬ್ಬಿದರೆ ಸಂದು ಬಾಯಿಬಿಡುತ್ತದೆ. ಗಡುಸು ಮರದ ಅಂಚು ಮೃದು ಮರವನ್ನು ತಿನ್ನುತ್ತದೆ. ಇಂದಿನ ಮರವಿಜ್ಞಾನವೂ ಹೇಳುವುದು ಇದನ್ನೇ.

ಸಮುದ್ರದ ನೌಕೆಯ ತಳದ ಹಲಗೆಗಳನ್ನು ಕಬ್ಬಿಣದಿಂದ ಬಿಗಿಯಬಾರದು, ಅಯಸ್ಕಾಂತ ಶಿಲೆಗಳು ಅದನ್ನು ಸೆಳೆದಾವು ಎಂಬ ಎಚ್ಚರಿಕೆಯೂ ಅದೇ ಗ್ರಂಥದಲ್ಲಿದೆ. ಕೊಟ್ಟ ಕಾರಣ ಕಲ್ಪಿತವಾದರೂ ಅದರ ಹಿಂದಿನ ಆಚರಣೆ ನಿಜವಾದುದು. ಹದಿಮೂರನೆಯ ಶತಮಾನದಲ್ಲಿ ಮಾರ್ಕೋ ಪೋಲೋ ಹೊರ್ಮುಜಿನಲ್ಲಿ ತೆಂಗಿನ ನಾರಿನಿಂದ ಹೊಲಿದ ಹಡಗುಗಳನ್ನು ಕಂಡನು. ಮರ ಗಡುಸಾಗಿ ಮೊಳೆ ಹೊಡೆದರೆ ಸೀಳುತ್ತದೆ ಎಂಬುದು ಅವನಿಗೆ ದೊರೆತ ವಿವರಣೆ. 1342ರ ಸುಮಾರಿಗೆ ಹೊನ್ನಾವರವನ್ನು ಕಂಡ ಇಬ್ನ್ ಬತೂತನು ಬೇರೊಂದು ಕಾರಣವನ್ನು ಕೊಡುತ್ತಾನೆ. ಕಬ್ಬಿಣದ ಮೊಳೆಯಿಂದ ಬಿಗಿದ ಹಡಗು ಬಂಡೆಗೆ ತಾಗಿದೊಡನೆ ಒಡೆಯುತ್ತದೆ. ಹುರಿಯಿಂದ ಹೊಲಿದದ್ದು ಬಳುಕುವುದರಿಂದ ತಾಳಿಕೊಳ್ಳುತ್ತದೆ ಎಂಬುದು ಅವನ ಮಾತು.

ದುರಸ್ತಿಯ ದೃಷ್ಟಿಯಿಂದ ನೋಡಿದಾಗ ಮೂರನೆಯ ಕಾರಣವೊಂದು ಹೊಳೆಯುತ್ತದೆ. ಹೊಲಿದ ದೋಣಿಯಲ್ಲಿ ಮೊದಲು ಸವೆಯುವುದು ಹುರಿ. ಅದು ತೆಂಗು ಬೆಳೆಯುವ ಎಲ್ಲ ಊರಿನಲ್ಲಿಯೂ ದೊರೆಯುತ್ತದೆ. ಹಳೆಯ ಹುರಿಯನ್ನು ಕತ್ತರಿಸಿ ತೆಗೆದು, ಅದೇ ರಂಧ್ರಗಳಲ್ಲಿ ಹೊಸದನ್ನು ಎಳೆದು ಬಿಗಿದರೆ ಹಲಗೆಗೆ ಯಾವ ಹಾನಿಯೂ ಇಲ್ಲ. ಅದೇ ಕಬ್ಬಿಣದ ಮೊಳೆ ತುಕ್ಕು ಹಿಡಿದಾಗ ತನ್ನ ಸುತ್ತಲಿನ ಮರವನ್ನೂ ಕೆಡಿಸುತ್ತದೆ. ಅದನ್ನು ಕೀಳುವಾಗ ಹಲಗೆಯೇ ಒಡೆಯುವ ಸಂಭವವುಂಟು. ಬೆಲೆಬಾಳುವ ಹಲಗೆ ಉಳಿಯಲಿ, ಅಗ್ಗದ ಹುರಿ ಸವೆಯಲಿ ಎಂಬ ಲೆಕ್ಕಾಚಾರ ಹೊಲಿಗೆಯ ಪದ್ಧತಿಯಲ್ಲಿಯೇ ಅಡಗಿದೆ. ಮೇಲೆ ಹೇಳಿದ ಎರಡನೆಯ ಸೂತ್ರಕ್ಕೆ ಇದು ನಮ್ಮ ಕರಾವಳಿಯ ಅತ್ಯಂತ ಹಳೆಯ ನಿದರ್ಶನ.

3

ಇನ್ನು ಮರದ ಆಯ್ಕೆಯ ವಿಚಾರ. ಈಸ್ಟ್ ಇಂಡಿಯಾ ಕಂಪೆನಿಯ ಆಹ್ವಾನದ ಮೇಲೆ ಸೂರತ್ತಿನ ಪಾರ್ಸಿ ಬಡಗಿ ಲವಜಿ ನಸರವಾನಜಿ ವಾಡಿಯಾ 1736ರಲ್ಲಿ ಮುಂಬಯಿಗೆ ಬಂದಮೇಲೆ ಅಲ್ಲಿಯ ಹಡಗುಕಟ್ಟೆ ಬೆಳೆಯತೊಡಗಿತು. 1750ರಲ್ಲಿ ಮೊದಲನೆಯ ಒಣ ಕಟ್ಟೆ ಸಿದ್ಧವಾಯಿತು. ಒಣ ಕಟ್ಟೆಯೆಂದರೆ ಮೂಲತಃ ದುರಸ್ತಿಯ ಸ್ಥಳ: ಹಡಗನ್ನು ಒಳಗೆ ತಂದು, ಬಾಗಿಲು ಮುಚ್ಚಿ, ನೀರನ್ನು ಬರಿದುಮಾಡಿ ತಳವನ್ನು ನೋಡುವ ವ್ಯವಸ್ಥೆ. ಮುಂಬಯಿಯ ಕೀರ್ತಿ ಅಲ್ಲಿ ಕಟ್ಟಿದ ಹಡಗುಗಳಿಂದ ಹರಡಿತಾದರೂ ಆ ಕಟ್ಟೆಗಳ ದಿನನಿತ್ಯದ ಬದುಕಿನಲ್ಲಿ ಬಂದುಹೋಗುವ ಹಡಗುಗಳ ದುರಸ್ತಿಗೆ ದೊಡ್ಡ ಪಾಲಿತ್ತೆಂಬುದನ್ನು ಮರೆಯಬಾರದು.

ಆ ಕಟ್ಟೆಗಳ ಮುಖ್ಯ ಮರ ತೇಗ, ಅಂದರೆ ಸಾಗುವಾನಿ. ಇಂಗ್ಲಿಷರು ತಮ್ಮ ನಾಡಿನಲ್ಲಿ ಓಕ್ ಮರದಿಂದ ಹಡಗು ಕಟ್ಟುತ್ತಿದ್ದರು. ಓಕ್ ಬಲವಾದ ಮರವೇ; ಆದರೆ ಅದರಲ್ಲಿರುವ ಟ್ಯಾನಿನ್ ಆಮ್ಲ ಕಬ್ಬಿಣವನ್ನು ತಿನ್ನುತ್ತದೆ. ತೇಗದಲ್ಲಿ ಎಣ್ಣೆಯ ಅಂಶವಿದ್ದು ಅದರೊಳಗೆ ಹೊಡೆದ ಕಬ್ಬಿಣ ಹೆಚ್ಚು ಕಾಲ ಉಳಿಯುತ್ತದೆ. ಸರಿಯಾಗಿ ಒಣಗಿದ ತೇಗ ಬಿಸಿಲು ಮಳೆಗಳ ಬದಲಾವಣೆಯಲ್ಲಿ ಕಡಿಮೆ ಕುಗ್ಗುತ್ತದೆ, ಕಡಿಮೆ ಬಾಗುತ್ತದೆ. ಅಂದರೆ ತೇಗದ ಹಿರಿಮೆ ಅದರ ಬಲದಲ್ಲಿ ಮಾತ್ರವಲ್ಲದೆ ಅದು ತನ್ನ ನೆರೆಯ ಲೋಹದೊಡನೆ ಬಾಳುವ ರೀತಿಯಲ್ಲಿಯೂ ಇದೆ. 1810ರಲ್ಲಿ ಮುಂಬಯಿಯಲ್ಲಿ ನೀರಿಗಿಳಿದ 'ಮಿಂಡೆನ್', 1813ರ 'ಕಾರ್ನ್‌ವಾಲಿಸ್', 1815ರ 'ವೆಲ್ಲೆಸ್ಲಿ', 1817ರ 'ಟ್ರಿಂಕೋಮಲಿ' ಇವೆಲ್ಲ ತೇಗದ ಹಡಗುಗಳು. ಚೀನಾದೊಡನೆ 1842ರ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಬಿದ್ದದ್ದು 'ಕಾರ್ನ್‌ವಾಲಿಸ್' ಹಡಗಿನಲ್ಲಿ. ಮುಂದೆ ಇಂಗ್ಲೆಂಡಿನ ಶೀರ್ನೆಸ್ಸಿನಲ್ಲಿ ದಕ್ಕೆಯಾಗಿ ಬಳಕೆಯಾದ ಅದನ್ನು ಒಡೆದದ್ದು 1957ರಲ್ಲಿ.

ಆದರೆ ಒಂದು ಹಡಗಿನ ಎಲ್ಲ ಅಂಗಗಳಿಗೂ ಒಂದೇ ಮರ ಸಲ್ಲುವುದಿಲ್ಲ. ಕೂವೆಮರಕ್ಕೆ ನೇರವಾಗಿ ಎತ್ತರ ಬೆಳೆದ, ಹಗುರವಾದ, ಗಾಳಿಗೆ ಬಳುಕುವ ಮರ ಬೇಕು. ಅದಕ್ಕೆ ಇಂಗ್ಲಿಷ್ ದಾಖಲೆಗಳು 'ಪೂನ್' ಎಂದು ಕರೆಯುವ ಮರವನ್ನು ಆರಿಸುತ್ತಿದ್ದರು. ಇದು ಕ್ಯಾಲೋಫಿಲಮ್ ಕುಲದ್ದು, ನಮ್ಮ ಸುರಹೊನ್ನೆಯ ಬಂಧು. ಪಶ್ಚಿಮಘಟ್ಟದ ದಟ್ಟ ಕಾಡುಗಳಲ್ಲಿ ಬೆಳೆಯುತ್ತದೆ. ಹಡಗಿನ ಪಕ್ಕೆಲುಬುಗಳಿಗೆ ಮತ್ತು ಮೂಲೆಯ ಆಧಾರಗಳಿಗೆ ಸ್ವಾಭಾವಿಕವಾಗಿ ಬಾಗಿ ಬೆಳೆದ ಮರವೇ ಬೇಕು. ನೇರ ತೊಲೆಯನ್ನು ಬಾಗಿದ ಆಕಾರಕ್ಕೆ ಕೆತ್ತಿದರೆ ಮರದ ಎಳೆಗಳು ಅಡ್ಡಲಾಗಿ ಕತ್ತರಿಸಿಹೋಗುತ್ತವೆ. ಒತ್ತಡ ಬಿದ್ದಾಗ ಅಲ್ಲಿಯೇ ಸೀಳುತ್ತದೆ. ಬಾಗಿದ ಮರದಲ್ಲಿ ಎಳೆಯೂ ಬಾಗನ್ನೇ ಅನುಸರಿಸುತ್ತದೆ. ಆದುದರಿಂದ ಒಂದು ಪಕ್ಕೆಲುಬು ಒಡೆದಾಗ ಬಡಗಿಯು ತೆಳು ಹಲಗೆಯಲ್ಲಿ ಅದರ ಅಚ್ಚನ್ನು ತೆಗೆದುಕೊಂಡು ಆ ಬಾಗಿಗೆ ಸರಿಹೊಂದುವ ಕೊಂಬೆಯನ್ನು ಹುಡುಕಬೇಕಾಗಿತ್ತು.

ಸಣ್ಣ ದೋಣಿಗಳ ಲೆಕ್ಕವೇ ಬೇರೆ. ನಮ್ಮ ಕರಾವಳಿಯಲ್ಲಿ ಒಂದೇ ದಿಮ್ಮಿಯನ್ನು ತೋಡಿ ಮಾಡುವ ದೋಣಿಗೆ ಮಾವಿನ ಮರ ಸಾಕಾಗುತ್ತಿತ್ತು. ಅದು ಅಗ್ಗ, ತೋಡಲು ಸುಲಭ, ಬಾಳಿಕೆ ಕಡಿಮೆ. ಹಲಗೆಗಳ ದೋಣಿಗೆ ಹೆಬ್ಬಲಸು, ಬೋಗಿ, ಮತ್ತಿ, ನಂದಿ ಮೊದಲಾದವು ಬಳಕೆಯಲ್ಲಿದ್ದವು. ತೇಗದ ಹಲಗೆಯಷ್ಟು ಬೆಲೆಯ ತೇಪೆಯನ್ನು ಮಾವಿನ ದೋಣಿಗೆ ಹಾಕುವುದು ಹಣದ ದೃಷ್ಟಿಯಿಂದಲೂ ಗುಣದ ದೃಷ್ಟಿಯಿಂದಲೂ ವಿವೇಕವಲ್ಲ. ದೋಣಿಯ ಉಳಿದ ಆಯುಷ್ಯವನ್ನು ನೋಡಿ ಬದಲಿ ಅಂಗದ ಆಯುಷ್ಯವನ್ನು ನಿರ್ಧರಿಸುವುದೂ ವಸ್ತುವಿವೇಚನೆಯ ಒಂದು ಭಾಗವೇ.

ಸೂರತ್ ಮತ್ತು ಮುಂಬಯಿಯ ಬಡಗಿಗಳ ಜೋಡಣೆಯ ಪದ್ಧತಿಯನ್ನೂ ಇಲ್ಲಿ ನೆನೆಯಬೇಕು. ಹಲಗೆಗಳ ಅಂಚಿಗೆ ಅಂಚು ತಾಗಿಸಿ ನಡುವಿನ ಸಂದನ್ನು ತುಂಬುವ ಯುರೋಪಿನ ಪದ್ಧತಿಗೆ ಬದಲಾಗಿ, ಇವರು ಒಂದು ಹಲಗೆಯ ಅಂಚಿನಲ್ಲಿ ತೋಡು ಮಾಡಿ ಪಕ್ಕದ ಹಲಗೆಯ ಅಂಚನ್ನು ಅದರಲ್ಲಿ ಕೂರಿಸುತ್ತಿದ್ದರು. ನಡುವೆ ರಾಳ ಮತ್ತು ಹತ್ತಿಯನ್ನು ಸೇರಿಸುತ್ತಿದ್ದರು. ಈ ಜೋಡಣೆ ನೀರನ್ನು ಚೆನ್ನಾಗಿ ತಡೆಯುತ್ತಿತ್ತು. ಆದರೆ ಒಂದು ಹಲಗೆ ಕೆಟ್ಟರೆ ಅದೊಂದನ್ನೇ ತೆಗೆಯುವುದು ಸುಲಭವಲ್ಲ. ಹೀಗಾಗಿ ಬಹುಕಾಲ ಕೆಡದ ಮರವನ್ನು ಮೊದಲಿಗೇ ಆರಿಸಬೇಕಾದ ಒತ್ತಾಯ ಈ ಪದ್ಧತಿಯೊಳಗೇ ಇತ್ತು. ತೇಗವೂ ಈ ಜೋಡಣೆಯೂ ಒಂದನ್ನೊಂದು ಬಯಸಿದವು ಎನ್ನಬಹುದು.

4

ಈ ಮರ ಎಲ್ಲಿಂದ ಬರುತ್ತಿತ್ತು ಎಂಬ ಪ್ರಶ್ನೆ ಕನ್ನಡ ನಾಡಿನತ್ತ ನಮ್ಮನ್ನು ಕರೆದೊಯ್ಯುತ್ತದೆ. ಟಿಪ್ಪುವಿನ ಪತನದ ನಂತರ 1799ರಲ್ಲಿ ಕನ್ನಡ ಜಿಲ್ಲೆ ಕಂಪೆನಿಯ ವಶವಾಯಿತು. 1800–1801ರಲ್ಲಿ ಫ್ರಾನ್ಸಿಸ್ ಬುಕಾನನ್ ಮೈಸೂರು, ಕೆನರಾ ಮತ್ತು ಮಲಬಾರುಗಳಲ್ಲಿ ಸಂಚರಿಸಿ ಬರೆದ ವರದಿ 1807ರಲ್ಲಿ ಪ್ರಕಟವಾಯಿತು. ಆ ಪ್ರವಾಸದ ಉದ್ದಕ್ಕೂ ಅವನು ಕಾಡಿನ ಮರಗಳನ್ನು, ಅವುಗಳ ಸ್ಥಳೀಯ ಹೆಸರುಗಳನ್ನು, ಉಪಯೋಗಗಳನ್ನು ಗುರುತಿಸಿಕೊಂಡಿದ್ದಾನೆ. ಆ ವೇಳೆಗೆ ಇಂಗ್ಲೆಂಡಿನಲ್ಲಿ ಓಕ್ ಮರದ ಅಭಾವ ತಲೆದೋರಿದ್ದರಿಂದ ಪಡುವಣ ಕರಾವಳಿಯ ತೇಗದ ಮೇಲೆ ನೌಕಾಪಡೆಯ ಕಣ್ಣು ಬಿದ್ದಿತ್ತು. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬ ಅಧಿಕಾರಿಯನ್ನು ಮಲಬಾರ್ ಮತ್ತು ತಿರುವಾಂಕೂರುಗಳ ಅರಣ್ಯ ಸಂರಕ್ಷಕನನ್ನಾಗಿ ನೇಮಿಸಲಾಯಿತು. 'ಸಂರಕ್ಷಣೆ' ಎಂಬ ಪದದ ಅರ್ಥ ಅಂದು ಹಡಗುಕಟ್ಟೆಗಾಗಿ ಮರವನ್ನು ಕಾದಿರಿಸುವುದು ಎಂಬುದೇ ಆಗಿತ್ತು. ಮರದ ಮೇಲೆ ಕಂಪೆನಿ ಸ್ಥಾಪಿಸಿದ ಏಕಸ್ವಾಮ್ಯದಿಂದ ಭೂಮಾಲೀಕರೂ ವ್ಯಾಪಾರಿಗಳೂ ರೋಸಿಹೋದರು. 1823ರಲ್ಲಿ, ಥಾಮಸ್ ಮನ್ರೋ ಮದರಾಸಿನ ಗವರ್ನರನಾಗಿದ್ದಾಗ, ಆ ಹುದ್ದೆಯನ್ನು ರದ್ದುಮಾಡಲಾಯಿತು. 1840ರ ದಶಕದಲ್ಲಿ ಮಲಬಾರಿನ ಕಲೆಕ್ಟರ್ ಕಾನೊಲಿಯು ನಿಲಂಬೂರಿನಲ್ಲಿ ತೇಗದ ನೆಡುತೋಪನ್ನು ಆರಂಭಿಸಿದ್ದು ಕಡಿದ ಮರಕ್ಕೆ ಬದಲಿ ಮರ ಬೇಕೆಂಬ ಇದೇ ಚಿಂತೆಯಿಂದ.

ಉತ್ತರ ಕನ್ನಡದಲ್ಲಿ ಘಟ್ಟದ ಮೇಲಿನ ತೇಗದ ಕಾಡಿಗೂ ಕಡಲಿಗೂ ನಡುವೆ ಕಾಳಿ ನದಿ ಹಾದಿಯಾಗಿತ್ತು. ದಿಮ್ಮಿಗಳು ಆ ಹಾದಿಯಿಂದ ಇಳಿದು ಸದಾಶಿವಗಡದ ಅಳಿವೆಯನ್ನು ಸೇರಿ, ಅಲ್ಲಿಂದ ಹಾಯಿಹಡಗುಗಳಲ್ಲಿ ಮುಂಬಯಿಗೆ ಹೋಗುತ್ತಿದ್ದವು. 1856ರಲ್ಲಿ ಮದರಾಸಿನ ಅರಣ್ಯ ಸಂರಕ್ಷಕನಾದ ಹ್ಯೂ ಕ್ಲೆಗಾರ್ನ್ 1861ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಉತ್ತರ ಕನ್ನಡದ ಕಾಡುಗಳ ವಿಚಾರ ಬಂದಿದೆ. ಇಲ್ಲಿ ಸಂಶೋಧಕರು ಒಂದು ಎಚ್ಚರವನ್ನು ವಹಿಸಬೇಕು. ಇಂಗ್ಲಿಷರ ಬಳಕೆಯಲ್ಲಿ 'ಮಲಬಾರ್ ಕರಾವಳಿ' ಎಂಬ ಹೆಸರು ಹಲವೊಮ್ಮೆ ಇಡೀ ಪಡುವಣ ಕರಾವಳಿಗೆ ಅನ್ವಯಿಸುತ್ತಿತ್ತು. 'ಮಲಬಾರ್ ತೇಗ' ಎಂದು ಬರೆದಿರುವ ಕಡೆಯಲ್ಲೆಲ್ಲ ಇಂದಿನ ಕೇರಳದ ಮರವೆಂದೇ ತಿಳಿದರೆ ಕಾಳಿಯ ದಡದ ಮರ ಚರಿತ್ರೆಯಿಂದ ಮಾಯವಾಗುತ್ತದೆ.

5

ಲೋಹದ ಆಯ್ಕೆಯ ಚರಿತ್ರೆ ಮರದ ಚರಿತ್ರೆಗಿಂತ ಹೆಚ್ಚು ನಷ್ಟದಿಂದ ಕೂಡಿದೆ. ಉಷ್ಣ ಸಮುದ್ರಗಳಲ್ಲಿ ಮರದ ತಳಕ್ಕೆ ದೊಡ್ಡ ಶತ್ರು ಟೆರೆಡೊ. ಹಡಗುಹುಳು ಎಂದು ಕರೆಸಿಕೊಂಡರೂ ಇದು ಚಿಪ್ಪುಜೀವಿಗಳ ವರ್ಗಕ್ಕೆ ಸೇರಿದ್ದು. ಹೊರಗೆ ಸಣ್ಣ ರಂಧ್ರ ಮಾತ್ರ ಕಾಣುತ್ತದೆ. ಒಳಗೆ ಹಲಗೆ ಜೇನುಗೂಡಿನಂತಾಗಿರುತ್ತದೆ. ನಮ್ಮ ಕರಾವಳಿಯವರು ಸುಣ್ಣ, ಎಣ್ಣೆ, ರಾಳಗಳ ಲೇಪದಿಂದ ಇದನ್ನು ತಡೆಯಲು ಯತ್ನಿಸುತ್ತಿದ್ದರು. ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ, ಧೂಪದ ಮರದ ರಾಳ ಇವು ಆ ಲೇಪಗಳ ಸಾಮಗ್ರಿಗಳಾಗಿದ್ದವು. ಲೇಪವನ್ನು ಮತ್ತೆ ಮತ್ತೆ ಬಳಿಯಬೇಕಾಗಿತ್ತು. ಅದೂ ಸುಲಭವಾಗಿ ಬದಲಿಸಬಹುದಾದ ಒಂದು ಪದರವೇ ಆಗಿತ್ತು.

ಬ್ರಿಟಿಷ್ ನೌಕಾಪಡೆ 1761ರಲ್ಲಿ 'ಅಲಾರ್ಮ್' ಎಂಬ ಹಡಗಿನ ತಳಕ್ಕೆ ತಾಮ್ರದ ತಗಡನ್ನು ಹೊದಿಸಿ ವೆಸ್ಟ್ ಇಂಡೀಸಿಗೆ ಕಳುಹಿಸಿತು. 1763ರಲ್ಲಿ ಪರೀಕ್ಷಿಸಿದಾಗ ಹುಳು ತಾಗಿರಲಿಲ್ಲ. ಆದರೆ ತಗಡನ್ನು ಹಿಡಿದಿದ್ದ ಕಬ್ಬಿಣದ ಮೊಳೆಗಳು ಹಲವೆಡೆ ಕರಗಿ ತಗಡೇ ಬಿದ್ದುಹೋಗಿತ್ತು. ತಾಮ್ರಕ್ಕೆ ಸುತ್ತಿ ಬಂದಿದ್ದ ಕಂದು ಕಾಗದವನ್ನು ತೆಗೆಯದೆ ಹಾಗೆಯೇ ಹೊಡೆದಿದ್ದ ಕಡೆಗಳಲ್ಲಿ ಮಾತ್ರ ಮೊಳೆಗಳು ಉಳಿದಿದ್ದವು. ಸಮುದ್ರದ ನೀರಿನಲ್ಲಿ ಕಬ್ಬಿಣ ಮತ್ತು ತಾಮ್ರ ನೇರವಾಗಿ ತಾಗಬಾರದು ಎಂಬ ತೀರ್ಮಾನಕ್ಕೆ ಪರೀಕ್ಷಕರು ಬಂದರು. ಗಾಲ್ವಾನಿಯ ಪ್ರಬಂಧ ಪ್ರಕಟವಾದದ್ದು 1791ರಲ್ಲಿ, ವೋಲ್ಟನ ವಿದ್ಯುತ್ಕೋಶ ಬಂದದ್ದು 1800ರಲ್ಲಿ. ಅಂದರೆ ವಿಜ್ಞಾನಕ್ಕಿಂತ ಸುಮಾರು ಮೂವತ್ತು ವರ್ಷ ಮೊದಲೇ, ಒಂದು ದುರಸ್ತಿಯ ತಪಾಸಣೆಯಲ್ಲಿ, ಒಂದು ತುಂಡು ಕಾಗದದ ಸಾಕ್ಷ್ಯದಿಂದ ಈ ನಿಯಮ ತಿಳಿದುಬಂದಿತ್ತು.

ತಿಳಿದದ್ದನ್ನು ಪಾಲಿಸಲು ಮಾತ್ರ ತಡವಾಯಿತು. ಅಮೆರಿಕದ ಯುದ್ಧದ ಅವಸರದಲ್ಲಿ, 1779ರಿಂದ ಮುಂದಿನ ಎರಡು ಮೂರು ವರ್ಷಗಳಲ್ಲಿ, ಹಳೆಯ ಹಡಗುಗಳಿಗೆಲ್ಲ ತಾಮ್ರ ಹೊದಿಸಲಾಯಿತು. ನಡುವೆ ಕಾಗದವಿಟ್ಟು ಕಬ್ಬಿಣದ ಬೋಲ್ಟುಗಳನ್ನು ಹಾಗೆಯೇ ಬಿಡಲಾಯಿತು. ಹೊರಗೆ ಹೊಸ ತಗಡು ಹೊಳೆಯುತ್ತಿರಲು ಒಳಗೆ ತೊಲೆಗಳನ್ನು ಹಿಡಿದಿದ್ದ ಬೋಲ್ಟುಗಳು ಸವೆಯುತ್ತಿದ್ದವು. 1782ರ ಸೆಪ್ಟೆಂಬರಿನಲ್ಲಿ ಅಟ್ಲಾಂಟಿಕ್ ಸಾಗರದ ಬಿರುಗಾಳಿಯಲ್ಲಿ ದೊಡ್ಡ ಹಡಗುಗಳು ಮುಳುಗಿ ಅಪಾರ ಪ್ರಾಣಹಾನಿಯಾದಾಗ ಈ ಸವೆತದ ಭೀತಿ ತೀವ್ರವಾಯಿತು. 1783ರಿಂದ ಮುಂದೆ ಕಬ್ಬಿಣದ ಬೋಲ್ಟುಗಳ ಜಾಗಕ್ಕೆ ತಾಮ್ರದ್ದನ್ನು ತರುವ ಕಾರ್ಯ ಆರಂಭವಾಯಿತು. ಶುದ್ಧ ತಾಮ್ರ ಮೃದುವಾದುದರಿಂದ ಸುತ್ತಿಗೆಯ ಹೊಡೆತಕ್ಕೆ ಬಾಗುತ್ತಿತ್ತು. ಅದನ್ನು ಕಾಯಿಸದೆ ಉರುಳೆಗಳ ನಡುವೆ ಒತ್ತಿ ಗಡುಸುಮಾಡುವ ವಿಧಾನ ಕಂಡುಹಿಡಿದ ಮೇಲೆಯೇ ತಾಮ್ರದ ಬೋಲ್ಟು ಕಾರ್ಯಸಾಧ್ಯವಾಯಿತು. ಒಂದು ಅಂಗವನ್ನು ಉತ್ತಮಪಡಿಸಲು ಹೋಗಿ ಅದರ ನೆರೆಯ ಅಂಗಗಳನ್ನೆಲ್ಲ ಬದಲಿಸಬೇಕಾಗಿ ಬಂದುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ನೌಕಾಚರಿತ್ರೆಯಲ್ಲಿ ವಿರಳ.

1824ರಲ್ಲಿ ಹಂಫ್ರಿ ಡೇವಿ ಈ ಸಮಸ್ಯೆಯನ್ನು ಇನ್ನೊಂದು ಕಡೆಯಿಂದ ನೋಡಿದನು. ತಾಮ್ರದ ತಗಡು ಸವೆಯದಂತೆ ಮಾಡಲು ಅದಕ್ಕೆ ಸತು ಅಥವಾ ಕಬ್ಬಿಣದ ತುಂಡುಗಳನ್ನು ತಾಗಿಸಿ, ಆ ತುಂಡುಗಳು ಸವೆದು ತಾಮ್ರ ಉಳಿಯುವಂತೆ ಮಾಡಿದನು. ತಾಮ್ರ ಉಳಿಯಿತು. ಆದರೆ ಹಡಗಿನ ತಳದಲ್ಲಿ ಚಿಪ್ಪುಜೀವಿಗಳೂ ಪಾಚಿಯೂ ಬೆಳೆದವು. ತಾಮ್ರ ಸ್ವಲ್ಪ ಸ್ವಲ್ಪವಾಗಿ ಕರಗುವುದರಿಂದಲೇ ಅವು ದೂರವಿದ್ದವೆಂಬುದು ಆಗ ತಿಳಿಯಿತು. ಆ ಉಪಾಯವನ್ನು ತಾಮ್ರದ ತಳಕ್ಕೆ ಕೈಬಿಡಲಾಯಿತಾದರೂ ತತ್ತ್ವ ಉಳಿಯಿತು. ಇಂದು ಉಕ್ಕಿನ ಹಡಗಿನ ತಳದಲ್ಲಿ, ಪ್ರೊಪೆಲ್ಲರಿನ ಸಮೀಪದಲ್ಲಿ ಬಿಗಿಯುವ ಸತುವಿನ ತುಂಡುಗಳು ಡೇವಿಯ ಉಪಾಯದ ವಂಶಜರೇ. ಅವು ಸವೆಯಲೆಂದೇ ಇರುವ ಅಂಗಗಳು. ಹೊಲಿದ ದೋಣಿಯ ನಾರಿನ ಹುರಿ ಮಾಡುತ್ತಿದ್ದ ಕೆಲಸವನ್ನು ಅವು ಬೇರೊಂದು ರೀತಿಯಲ್ಲಿ ಮಾಡುತ್ತವೆ.

ಯಂತ್ರಯುಗದಲ್ಲಿಯೂ ಈ ವಿವೇಕಕ್ಕೆ ಎಡೆಯಿತ್ತು. ಆವಿಹಡಗುಗಳಲ್ಲಿ ಪ್ರೊಪೆಲ್ಲರಿನ ಶಾಫ್ಟು ಹಡಗಿನಿಂದ ಹೊರಬರುವ ಕಡೆ ಲೋಹದ ಬೇರಿಂಗುಗಳು ಬೇಗ ಹಾಳಾಗುತ್ತಿದ್ದವು. 1854ರಲ್ಲಿ ಜಾನ್ ಪೆನ್ ಎಂಬ ಎಂಜಿನಿಯರ್ ಅಲ್ಲಿ 'ಲಿಗ್ನಮ್ ವೀಟೆ' ಎಂಬ ಅತಿಗಡುಸಾದ, ರಾಳಭರಿತವಾದ ಮರದ ಪಟ್ಟಿಗಳನ್ನು ಕೂರಿಸುವ ವಿಧಾನಕ್ಕೆ ಪೇಟೆಂಟ್ ಪಡೆದನು. ಸಮುದ್ರದ ನೀರೇ ಅದಕ್ಕೆ ಎಣ್ಣೆಯಾಯಿತು. ಸವೆದರೆ ಮರದ ಪಟ್ಟಿ ಸವೆಯುತ್ತದೆ, ಬೆಲೆಬಾಳುವ ಶಾಫ್ಟು ಉಳಿಯುತ್ತದೆ.

6

ಹಳೆಯ ಹಡಗುಗಳನ್ನು ಸ್ಮಾರಕಗಳಾಗಿ ಉಳಿಸುವ ಕಾಲದಲ್ಲಿ ಪ್ರಶ್ನೆ ಮತ್ತಷ್ಟು ಸೂಕ್ಷ್ಮವಾಗಿದೆ. ಪೋರ್ಟ್ಸ್‌ಮತ್ತಿನಲ್ಲಿರುವ, ಓಕ್ ಮರದಿಂದ ಕಟ್ಟಿದ 'ವಿಕ್ಟರಿ' ಹಡಗನ್ನು 1955ರಿಂದ 1964ರವರೆಗೆ ದುರಸ್ತಿಮಾಡಿದಾಗ, ಕೆಟ್ಟ ಓಕ್ ಭಾಗಗಳಿಗೆ ಬದಲಾಗಿ ಬಹಳ ಕಡೆ ತೇಗ ಮತ್ತು ಆಫ್ರಿಕದ ಇರೋಕೊ ಮರಗಳನ್ನು ಹಾಕಲಾಯಿತು. ಅವು ಶಿಲೀಂಧ್ರಕ್ಕೂ ಕೀಟಕ್ಕೂ ಹೆಚ್ಚು ಜಗ್ಗುವುದಿಲ್ಲವೆಂಬ ನಂಬಿಕೆ ಅದಕ್ಕೆ ಆಧಾರವಾಗಿತ್ತು. 2022ರಲ್ಲಿ ಆರಂಭವಾದ ದೀರ್ಘಕಾಲದ ಜೀರ್ಣೋದ್ಧಾರದಲ್ಲಿ ಕೆಟ್ಟ ಹಲಗೆಗಳ ಜಾಗಕ್ಕೆ ಮತ್ತೆ ಓಕ್ ಮರವನ್ನೇ ತರಲಾಗುತ್ತಿದೆ. ಮೂಲದ ಮರಕ್ಕೆ ಮೂಲದ ಜಾತಿಯೇ ನೆರೆಯಾಗಲಿ ಎಂಬ ಹಳೆಯ ವಿವೇಕಕ್ಕೆ ಈ ಆಯ್ಕೆ ಹತ್ತಿರವಾದುದು.

ಮುಂಬಯಿಯಲ್ಲಿ ಜಮಶೇಟಜಿ ಬಮನಜಿ ವಾಡಿಯಾ ಕಟ್ಟಿದ 'ಟ್ರಿಂಕೋಮಲಿ' ಇಂದು ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿದೆ. 1990ರಿಂದ 2001ರವರೆಗೆ ಅದರ ಜೀರ್ಣೋದ್ಧಾರ ನಡೆಯಿತು. ನೀರಿನಲ್ಲಿ ಇನ್ನೂ ತೇಲುತ್ತಿರುವ ಅತ್ಯಂತ ಹಳೆಯ ಬ್ರಿಟಿಷ್ ಯುದ್ಧನೌಕೆ ಎಂಬ ಗೌರವ ಅದಕ್ಕೆ ಸಂದಿದೆ. ಇನ್ನೂರು ವರ್ಷ ಮೀರಿದ ಈ ಬಾಳಿಕೆಯಲ್ಲಿ ಕಟ್ಟಿದವರ ಪಾಲೆಷ್ಟು, ತೇಗದ ಪಾಲೆಷ್ಟು, ದುರಸ್ತಿ ಮಾಡಿದವರ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. ಆದರೆ ಫಲಕಗಳಲ್ಲಿ ಕಾಣುವ ಹೆಸರುಗಳು ಕಟ್ಟಿದವರವು ಮಾತ್ರ.

7

ನಮ್ಮ ಕರಾವಳಿಯ ಇಂದಿನ ದೋಣಿಗಳಲ್ಲಿ ಈ ಚರ್ಚೆ ಇತಿಹಾಸವಾಗಿ ಉಳಿದಿಲ್ಲ. ಅದು ಮೀನುಗಾರರ ದಿನನಿತ್ಯದ ಖರ್ಚಿನ ಲೆಕ್ಕ. ಒಳ್ಳೆಯ ಮರ ದುರ್ಲಭವಾದಂತೆ ನಾರುಗಾಜಿನ ಹೊದಿಕೆ, ಅಲ್ಯುಮಿನಿಯಂ, ಸ್ಟೇನ್‌ಲೆಸ್ ಸ್ಟೀಲು ಬಂದಿವೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು ಸ್ವಭಾವತಃ ಬೇಗ ಕೊಳೆಯುವ ರಬ್ಬರ್ ಮರಕ್ಕೆ ರಾಸಾಯನಿಕಗಳನ್ನು ಉಣಿಸಿ, ನಾರುಗಾಜು ಹೊದಿಸಿ, ದೋಣಿಗೆ ಒಗ್ಗುವಂತೆ ಮಾಡಿದ್ದು ಗಮನಾರ್ಹ ಸಾಧನೆ. ಆದರೆ ಹೊಸ ವಸ್ತುಗಳೂ ಹಳೆಯ ಸೂತ್ರಗಳಿಗೆ ಅಧೀನವೇ. ಒದ್ದೆಯಾದ ಹಳೆಯ ಹಲಗೆಯ ಮೇಲೆ ನಾರುಗಾಜು ಹೊದಿಸಿದರೆ ತೇವ ಒಳಗೇ ಸೆರೆಯಾಗಿ ಮರ ಕೊಳೆಯುತ್ತದೆ. ತೇಗದಲ್ಲಿ ಗುಣವೆಂದು ಎಣಿಸಿದ ಎಣ್ಣೆಯೇ ಇಂದಿನ ಅಂಟುಗಳಿಗೆ ದೋಷವಾಗುತ್ತದೆ. ಅಂಟು ಹಚ್ಚುವ ಮೊದಲು ಮೇಲ್ಮೈಯನ್ನು ಒರೆಸಿ ಎಣ್ಣೆಯನ್ನು ತೆಗೆಯಬೇಕು. ತಾಮ್ರದ ಅಂಶವುಳ್ಳ ರಾಸಾಯನಿಕ ಉಣಿಸಿದ ಮರಕ್ಕೆ ಅಲ್ಯುಮಿನಿಯಂ ತಾಗಿದರೆ ಅಲ್ಯುಮಿನಿಯಂ ತಿಂದುಹೋಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ರಕ್ಷಕ ಪದರಕ್ಕೆ ಆಮ್ಲಜನಕ ಬೇಕು. ಒದ್ದೆ ಮರದೊಳಗೆ ಹುದುಗಿದ ಬೋಲ್ಟಿಗೆ ಅದು ದೊರೆಯದೆ ಹೊರಗೆ ಹೊಳೆಯುತ್ತಿರುವಾಗಲೇ ಒಳಗೆ ಸವೆಯುತ್ತದೆ. ಸಾಧಾರಣ ಹಿತ್ತಾಳೆಯ ತಿರುಪುಮೊಳೆಯಿಂದ ಸತು ಕರಗಿಹೋಗಿ ಉಳಿಯುವುದು ಕೈಯಲ್ಲಿ ಮುರಿಯುವ ತಾಮ್ರದ ಸ್ಪಂಜು. 'ಅಲಾರ್ಮ್' ಹಡಗಿನ ಪಾಠ ಇಂದಿಗೂ ಮುಗಿದಿಲ್ಲ.

ಎರಕದ ಅಂಗಗಳ ವಿಷಯದಲ್ಲಿ ಕಮ್ಮಾರರ ಇನ್ನೊಂದು ಸೂಕ್ಷ್ಮವಿದೆ. ಮುರಿದ ಗನ್‌ಮೆಟಲ್ ಅಂಗವನ್ನೇ ಮರಳಿನಲ್ಲಿ ಒತ್ತಿ ಅಚ್ಚು ಮಾಡಿದರೆ ಹೊಸದು ಸರಿಹೊಂದುವುದಿಲ್ಲ. ಹಳೆಯದು ಆಗಲೇ ಸವೆದಿರುತ್ತದೆ. ಜೊತೆಗೆ ಕರಗಿದ ಲೋಹ ತಣಿಯುವಾಗ ನೂರಕ್ಕೆ ಸುಮಾರು ಒಂದೂವರೆ ಭಾಗದಷ್ಟು ಕುಗ್ಗುತ್ತದೆ. ಆದುದರಿಂದ ಅನುಭವಿಯು ಹಳೆಯದನ್ನು ಅಳತೆಗೆ ಇಟ್ಟುಕೊಂಡು, ಮೂಲದ ಗಾತ್ರವನ್ನು ಊಹಿಸಿ, ಕುಗ್ಗುವಿಕೆಯನ್ನು ಸೇರಿಸಿ ಮರದ ಮಾದರಿಯನ್ನು ಬೇರೆಯಾಗಿ ಕೆತ್ತುತ್ತಾನೆ.

ಇತ್ತೀಚೆಗೆ ಹೊಲಿದ ಹಡಗಿನ ವಿದ್ಯೆಗೆ ಮರುಜೀವ ದೊರೆತಿರುವುದನ್ನು ಇಲ್ಲಿ ಉಲ್ಲೇಖಿಸಬೇಕು. ಅಜಂತದ ಚಿತ್ರವೊಂದನ್ನು ಆಧರಿಸಿ, ಕೇರಳದ ಕುಶಲಕರ್ಮಿಗಳು ನಾರಿನ ಹುರಿ ಮತ್ತು ಸ್ವಾಭಾವಿಕ ರಾಳಗಳನ್ನು ಬಳಸಿ ಗೋವೆಯಲ್ಲಿ ಕಟ್ಟಿದ ಹಡಗನ್ನು 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ 'ಕೌಂಡಿನ್ಯ' ಎಂಬ ಹೆಸರಿನಿಂದ ಭಾರತೀಯ ನೌಕಾಪಡೆಗೆ ಸೇರಿಸಲಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅದು ಪೋರಬಂದರಿನಿಂದ ಮಸ್ಕತ್ತಿನತ್ತ ಪಯಣ ಹೊರಟಿತು. ಅದು ಕಟ್ಟಲ್ಪಟ್ಟದ್ದು ಸುದ್ದಿಯಾಯಿತು. ಮುಂದಿನ ವರ್ಷಗಳಲ್ಲಿ ಅದರ ಹುರಿಗಳನ್ನು ಬದಲಿಸುವ ಕೈಗಳು ಯಾವುವು, ಆ ಕೈಗಳ ಅನುಭವವನ್ನು ಬರೆದಿಡುವವರು ಯಾರು ಎಂಬುದು ನಮ್ಮ ಮುಂದಿರುವ ಪ್ರಶ್ನೆ.

8

ಕೊನೆಯದಾಗಿ ಸಂಶೋಧನೆಯ ದಾರಿಯನ್ನು ಕುರಿತು ಒಂದೆರಡು ಮಾತು. ಕನ್ನಡ ಜಿಲ್ಲೆ 1799ರಿಂದ ಮದರಾಸಿನ ಆಡಳಿತಕ್ಕೆ ಸೇರಿತ್ತು. ಉತ್ತರ ಕನ್ನಡ 1862ರಲ್ಲಿ ಮುಂಬಯಿಗೆ ಸೇರಿ 1956ರವರೆಗೂ ಅಲ್ಲಿಯೇ ಇದ್ದಿತು. ದಕ್ಷಿಣ ಕನ್ನಡ 1956ರವರೆಗೆ ಮದರಾಸಿನಲ್ಲಿಯೇ ಉಳಿಯಿತು. ಆದುದರಿಂದ ಈ ಕರಾವಳಿಯ ಕಾಡು, ಬಂದರು ಮತ್ತು ಹಡಗುಗಳ ಆಡಳಿತದ ಕಾಗದಪತ್ರಗಳನ್ನು ಮುಂಬಯಿಯಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ ಮತ್ತು ಚೆನ್ನೈನ ಎಗ್ಮೋರಿನ ತಮಿಳುನಾಡು ಪತ್ರಾಗಾರದಲ್ಲಿ ಹುಡುಕಬೇಕು. ಈ ಎರಡು ನಗರಗಳಲ್ಲಿ ನೆಲೆಸಿರುವ ಕನ್ನಡ ಸಂಶೋಧಕರಿಗೆ ಇದು ಮನೆಯ ಹತ್ತಿರದ ಕೆಲಸ. ಹುಡುಕುವಾಗ ನೀರಿಗಿಳಿದ ಹಡಗುಗಳ ಪಟ್ಟಿಗೆ ಮಾತ್ರ ತೃಪ್ತರಾಗದೆ, ದುರಸ್ತಿಯ ಬೇಡಿಕೆಪತ್ರ, ಮರದ ಖರೀದಿಯ ಲೆಕ್ಕ, ತಿರಸ್ಕೃತ ದಿಮ್ಮಿಗಳ ಪಟ್ಟಿ ಇಂತಹ ನೀರಸವಾಗಿ ಕಾಣುವ ಕಾಗದಗಳನ್ನು ನೋಡಬೇಕು. ಯಾವ ಅಂಗಕ್ಕೆ ಯಾವ ಮರ ಎಂಬ ತಿಳಿವು ಉಳಿದಿರುವುದು ಅಂತಹ ಕಾಗದಗಳಲ್ಲಿ.

ಕಾಗದಕ್ಕೆ ಸಿಗದ ಭಾಗ ಇನ್ನೂ ದೊಡ್ಡದು. ಕರಾವಳಿಯ ಬಡಗಿಗಳ ಮಾತಿನಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಮರಾಠಿ ಮತ್ತು ಅರಬ್ಬಿಯ ಪದಗಳು ಬೆರೆತಿವೆ. ಅಂಗಾಂಗಗಳ ಹೆಸರು, ಮರದ ಗುಣದೋಷಗಳ ಹೆಸರು, ಬಾಗಿನ ಪ್ರಮಾಣಗಳ ಹೆಸರು ನಮ್ಮ ನಿಘಂಟುಗಳಲ್ಲಿ ಪೂರ್ಣವಾಗಿ ಬಂದಿಲ್ಲ. ಮರದ ದೋಣಿಗಳು ಕಡಿಮೆಯಾದಂತೆ ಈ ಪದಗಳನ್ನು ಬಳಸುವವರೂ ಕಡಿಮೆಯಾಗುತ್ತಿದ್ದಾರೆ. ಪದ ಹೋದಮೇಲೆ ಅದರೊಳಗಿನ ತಿಳಿವನ್ನು ಮರಳಿ ಪಡೆಯುವುದು ಕಷ್ಟ. ಹಳೆಯ ಹಡಗೊಂದಕ್ಕೆ ಹೊಸ ಹಲಗೆ ಬೇಕಾದಾಗ ಮಾದರಿಗೆ ಪಕ್ಕದ ಹಲಗೆಯಾದರೂ ಇರುತ್ತದೆ; ಈ ತಿಳಿವಿಗೆ ಮಾದರಿ ಬಡಗಿಯೊಬ್ಬನೇ. ದುರಸ್ತಿಯ ಚರಿತ್ರೆಯನ್ನು ಬರೆಯುವ ಕೆಲಸ ಅವನು ಇರುವಾಗಲೇ ಆರಂಭವಾಗಬೇಕೆಂಬುದು ನಮ್ಮ ಆಶಯ.